ಸಂರಚನಾ ಕಡತಗಳ ನವೀಕರಣ ನಿರ್ವಹಣೆ

ಸಂರಚನಾ ಕಡತಗಳ ನವೀಕರಣ ನಿರ್ವಹಣೆ ಎಂಬುದು ಗಣಕದಲ್ಲಿ ತಂತ್ರಾಂಶ ಪ್ಯಾಕೇಜೊಂದರ ಹೊಸ ಆವೃತ್ತಿಯನ್ನು ಅನುಸ್ಥಾಪಿಸುವಾಗ, ಬಳಕೆದಾರರು ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಂಡಿರುವ ಸಂರಚನಾ ಕಡತಗಳನ್ನು ಹಾಗೆಯೇ ಉಳಿಸಬೇಕೇ, ಹೊಸದರಿಂದ ಬದಲಿಸಬೇಕೇ ಅಥವಾ ಎರಡನ್ನೂ ವಿಲೀನಗೊಳಿಸಬೇಕೇ ಎಂಬುದನ್ನು ನಿರ್ಧರಿಸುವ ಕ್ರಮವಾಗಿದೆ. ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಈ ಕಾರ್ಯವನ್ನು ಪ್ಯಾಕೇಜ್ ನಿರ್ವಾಹಕ ತಂತ್ರಾಂಶಗಳು ನೆರವೇರಿಸುತ್ತವೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಡಿಪಿಕೆಜಿ, ಫೆಡೋರಾ ಮತ್ತು ರೆಡ್ ಹ್ಯಾಟ್ ವ್ಯವಸ್ಥೆಗಳಲ್ಲಿ ಆರ್‌ಪಿಎಂ, ಆರ್ಚ್ ಲಿನಕ್ಸ್‌ನಲ್ಲಿ ಪ್ಯಾಕ್‌ಮ್ಯಾನ್ ಹಾಗೂ ಜೆಂಟೂವಿನಲ್ಲಿ ಪೋರ್ಟೇಜ್ ಇದಕ್ಕಾಗಿ ಬೇರೆ ಬೇರೆ ಪದ್ಧತಿಗಳನ್ನು ಅನುಸರಿಸುತ್ತವೆ.

ಪಠ್ಯಪುಸ್ತಕದ ಪರಿಷ್ಕೃತ ಮುದ್ರಣ ಶಾಲೆಗೆ ಬಂದಾಗ ಶಿಕ್ಷಕರಿಗೆ ಎದುರಾಗುವ ಪ್ರಶ್ನೆಗೆ ಇದನ್ನು ಹೋಲಿಸಬಹುದು. ಹಳೆಯ ಪ್ರತಿಯ ಅಂಚಿನಲ್ಲಿ ಹಲವು ವರ್ಷಗಳ ಟಿಪ್ಪಣಿಗಳಿರುತ್ತವೆ. ಹೊಸ ಪ್ರತಿಯಲ್ಲಿ ತಪ್ಪುಗಳ ತಿದ್ದುಪಡಿ ಇರುತ್ತದೆ. ಹಳೆಯದನ್ನೇ ಹಿಡಿದರೆ ತಪ್ಪು ಮುಂದುವರಿಯುತ್ತದೆ, ಹೊಸದನ್ನೇ ಹಿಡಿದರೆ ಟಿಪ್ಪಣಿಗಳು ಕಳೆದುಹೋಗುತ್ತವೆ. ಎರಡನ್ನೂ ಉಳಿಸಿಕೊಳ್ಳಬೇಕಾದರೆ ಯಾರಾದರೊಬ್ಬರು ಕುಳಿತು ಎರಡು ಪ್ರತಿಗಳನ್ನೂ ಓದಲೇಬೇಕು.

ಸಂರಚನಾ ಕಡತ

ತಂತ್ರಾಂಶವು ಹೇಗೆ ವರ್ತಿಸಬೇಕೆಂಬ ಸೂಚನೆಗಳನ್ನು ಒಳಗೊಂಡ ಕಡತವೇ ಸಂರಚನಾ ಕಡತ. ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಇವು ಸಾಮಾನ್ಯವಾಗಿ ಮನುಷ್ಯರು ಓದಿ ತಿದ್ದಬಹುದಾದ ಸರಳ ಪಠ್ಯ ಕಡತಗಳು. ಇಡೀ ಗಣಕಕ್ಕೆ ಅನ್ವಯಿಸುವ ಸಂರಚನಾ ಕಡತಗಳು ‘ಇಟಿಸಿ’ ಎಂಬ ಕಡತಕೋಶದಲ್ಲಿಯೂ, ಒಬ್ಬ ಬಳಕೆದಾರರಿಗೆ ಮಾತ್ರ ಅನ್ವಯಿಸುವಂಥವು ಆ ಬಳಕೆದಾರರ ಸ್ವಂತ ಕಡತಕೋಶದಲ್ಲಿಯೂ ಇರುತ್ತವೆ. ಪ್ಯಾಕೇಜ್ ನಿರ್ವಾಹಕಗಳ ಹೊಣೆ ಮೊದಲನೆಯ ಬಗೆಗೆ ಸೀಮಿತವಾದುದು. ಬಳಕೆದಾರರ ಸ್ವಂತ ಕಡತಕೋಶವನ್ನು ಅವು ಮುಟ್ಟುವುದಿಲ್ಲ.

ಪ್ಯಾಕೇಜಿನ ಉಳಿದ ಕಡತಗಳಿಗೂ ಸಂರಚನಾ ಕಡತಗಳಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಕಾರ್ಯಕ್ರಮದ ಕಡತ, ಕೈಪಿಡಿಯ ಪುಟ, ಚಿತ್ರ ಮುಂತಾದವು ಪೂರ್ಣವಾಗಿ ತಯಾರಕರಿಗೆ ಸೇರಿದವು. ನವೀಕರಣದ ವೇಳೆ ಅವುಗಳನ್ನು ಅಳಿಸಿ ಹೊಸದನ್ನು ಇಟ್ಟರೆ ಯಾರಿಗೂ ನಷ್ಟವಿಲ್ಲ. ಸಂರಚನಾ ಕಡತಕ್ಕೆ ಮಾತ್ರ ಇಬ್ಬರು ಒಡೆಯರು. ಅದರ ಮೊದಲ ಪ್ರತಿಯನ್ನು ಬರೆದವರು ತಯಾರಕರು, ಅದನ್ನು ಸ್ಥಳೀಯ ಅಗತ್ಯಕ್ಕೆ ಹೊಂದಿಸಿದವರು ಗಣಕದ ನಿರ್ವಾಹಕರು. ಈ ಲೇಖನದಲ್ಲಿ ವಿವರಿಸಿರುವ ಎಲ್ಲ ಪದ್ಧತಿಗಳೂ ಈ ಜಂಟಿ ಒಡೆತನದಿಂದ ಹುಟ್ಟಿದವು.

ಸಮಸ್ಯೆಯ ಸ್ವರೂಪ

ಸ್ಥಳೀಯ ಬದಲಾವಣೆಗಳನ್ನು ಕಡೆಗಣಿಸಿ ಹೊಸ ಕಡತವನ್ನು ಇಟ್ಟರೆ ನಿರ್ವಾಹಕರ ಶ್ರಮ ಅಳಿದುಹೋಗುತ್ತದೆ. ಅದರ ಪರಿಣಾಮ ಕೆಲವೊಮ್ಮೆ ಕೇವಲ ಅನನುಕೂಲ, ಕೆಲವೊಮ್ಮೆ ಗಂಭೀರ. ದೂರದ ಸರ್ವರ್‌ಗೆ ಪ್ರವೇಶ ಒದಗಿಸುವ ಎಸ್‌ಎಸ್‌ಎಚ್ ಸೇವೆಯ ಕಡತದಲ್ಲಿ ಸಂಪರ್ಕದ ಪೋರ್ಟ್ ಸಂಖ್ಯೆಯನ್ನು ಬದಲಿಸಿದ್ದರೆ, ಮೂಲ ಕಡತ ಮರಳಿ ಬಂದೊಡನೆ ಸೇವೆಯು ಹಳೆಯ ಪೋರ್ಟಿಗೆ ಹಿಂದಿರುಗುತ್ತದೆ. ಆ ಪೋರ್ಟನ್ನು ಅಗ್ನಿಗೋಡೆ ಮುಚ್ಚಿದ್ದರೆ ನಿರ್ವಾಹಕರೇ ಹೊರಗುಳಿಯುತ್ತಾರೆ. ಅಂಥ ಸಂದರ್ಭದಲ್ಲಿ ಯಂತ್ರವಿರುವ ಊರಿಗೆ ಪ್ರಯಾಣ ಮಾಡದೆ ಅನ್ಯಮಾರ್ಗವಿಲ್ಲದಿರಬಹುದು.

ಇದಕ್ಕೆ ವಿರುದ್ಧವಾಗಿ, ಹಳೆಯ ಕಡತವನ್ನೇ ಸದಾ ಉಳಿಸಿಕೊಂಡರೆ ಬೇರೆ ಅಪಾಯಗಳಿವೆ. ತಯಾರಕರು ಭದ್ರತೆಯ ದೃಷ್ಟಿಯಿಂದ ಪೂರ್ವನಿಯೋಜಿತ ಮೌಲ್ಯಗಳನ್ನು ಬಿಗಿಗೊಳಿಸಿದ್ದರೆ ಅದರ ಪ್ರಯೋಜನ ದೊರೆಯುವುದಿಲ್ಲ. ಹೊಸ ಆವೃತ್ತಿಯು ಹಳೆಯ ಸೂಚನೆಗಳನ್ನು ಅರ್ಥಮಾಡಿಕೊಳ್ಳದೆ ಸೇವೆ ಆರಂಭವಾಗದೆಯೂ ಇರಬಹುದು. ಅಪಾಚೆ ವೆಬ್ ಸರ್ವರ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ 2.2ನೆಯ ಆವೃತ್ತಿಯಿಂದ 2.4ಕ್ಕೆ ಸಾಗಿದಾಗ ಪ್ರವೇಶಾನುಮತಿಯನ್ನು ಬರೆಯುವ ವಿಧಾನವೇ ಬದಲಾಯಿತು. 2015ರಲ್ಲಿ ಬಿಡುಗಡೆಯಾದ ಡೆಬಿಯನ್ 8ರಲ್ಲಿ ಈ ಬದಲಾವಣೆ ಬಂದಿತು. ಜೊತೆಗೆ ಜಾಲತಾಣಗಳ ಸಂರಚನಾ ಕಡತಗಳ ಹೆಸರು ‘ಕಾನ್ಫ್’ ಎಂಬ ಪ್ರತ್ಯಯದಿಂದಲೇ ಕೊನೆಗೊಳ್ಳಬೇಕೆಂಬ ನಿಯಮವೂ ಸೇರಿತು. ಹಳೆಯ ಹೆಸರಿನಲ್ಲಿಯೇ ಉಳಿದ ಕಡತಗಳನ್ನು ಸರ್ವರ್ ಓದಲಿಲ್ಲ. ಇದೇ ರೀತಿ 2025ರಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿರುವ ಡವ್‌ಕಾಟ್ ಎಂಬ ಅಂಚೆ ಸರ್ವರ್‌ನ 2.4ನೆಯ ಆವೃತ್ತಿಗೆ 2.3ರ ಸಂರಚನಾ ಕಡತಗಳು ಹೊಂದುವುದಿಲ್ಲ.

ಇತಿಹಾಸ

ತಂತ್ರಾಂಶಗಳನ್ನು ಆಕರ ಸಂಕೇತದಿಂದ ನೇರವಾಗಿ ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ ಸಂರಚನಾ ಕಡತಗಳ ರಕ್ಷಣೆ ಸಂಪೂರ್ಣವಾಗಿ ನಿರ್ವಾಹಕರ ಎಚ್ಚರಿಕೆಗೆ ಬಿಟ್ಟ ವಿಷಯವಾಗಿತ್ತು. 1993ರಲ್ಲಿ ಇಯಾನ್ ಮರ್ಡಾಕ್ ಅವರು ಡೆಬಿಯನ್ ಯೋಜನೆಯನ್ನು ಆರಂಭಿಸಿದರು. ಆ ಯೋಜನೆಗಾಗಿ ರೂಪುಗೊಂಡ ಡಿಪಿಕೆಜಿಯನ್ನು ಇಯಾನ್ ಜಾಕ್ಸನ್ ಅವರು ಹೊಸದಾಗಿ ಬರೆದರು. ತಯಾರಕರ ಕಡತಗಳಿಂದ ಸಂರಚನಾ ಕಡತಗಳನ್ನು ಪ್ರತ್ಯೇಕಿಸಿ, ‘ಕಾನ್‌ಫೈಲ್’ ಎಂಬ ವಿಶೇಷ ವರ್ಗವೆಂದು ಪರಿಗಣಿಸುವ ಕ್ರಮ ಡಿಪಿಕೆಜಿಯ ವೈಶಿಷ್ಟ್ಯಗಳಲ್ಲೊಂದು. ರೆಡ್ ಹ್ಯಾಟ್ ಸಂಸ್ಥೆಯಲ್ಲಿ ಎರಿಕ್ ಟ್ರೋನ್ ಮತ್ತು ಮಾರ್ಕ್ ಯೂಯಿಂಗ್ ಅವರು ರೂಪಿಸಿದ ಆರ್‌ಪಿಎಂ 1995ರಲ್ಲಿ ಬಳಕೆಗೆ ಬಂದಿತು. ಸಂರಚನಾ ಕಡತದ ಬಗೆಗೆ ಇವೆರಡೂ ತಳೆದ ನಿಲುವು ಭಿನ್ನವಾದುದು. ಸಂದೇಹ ಬಂದಾಗ ಡಿಪಿಕೆಜಿ ಬಳಕೆದಾರರನ್ನು ಪ್ರಶ್ನಿಸುತ್ತದೆ; ಆರ್‌ಪಿಎಂ ಪ್ರಶ್ನಿಸದೆ ಎರಡೂ ಪ್ರತಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ಮುಂದೆ ಸಾಗುತ್ತದೆ.

ಡೆಬಿಯನ್ ಪದ್ಧತಿ

ಮೂರು ಪ್ರತಿಗಳ ಹೋಲಿಕೆ

ಡೆಬಿಯನ್ ಯೋಜನೆಯ ನೀತಿ ಸಂಹಿತೆಯ ಪ್ರಕಾರ ಪ್ಯಾಕೇಜುಗಳ ಸಂರಚನಾ ಕಡತಗಳು ‘ಇಟಿಸಿ’ ಕಡತಕೋಶದಲ್ಲಿರಬೇಕು ಮತ್ತು ಸ್ಥಳೀಯ ಬದಲಾವಣೆಗಳು ನವೀಕರಣದ ವೇಳೆ ಉಳಿಯಬೇಕು. ಪ್ರತಿ ಪ್ಯಾಕೇಜಿನಲ್ಲಿಯೂ ಅದರ ಕಾನ್‌ಫೈಲ್‌ಗಳ ಪಟ್ಟಿ ಇರುತ್ತದೆ. ಅನುಸ್ಥಾಪನೆಯ ಸಮಯದಲ್ಲಿ ಡಿಪಿಕೆಜಿಯು ತಯಾರಕರ ಮೂಲ ಪ್ರತಿಯಿಂದ ಎಂಡಿ5 ಎಂಬ ಗಣಿತ ಕ್ರಮದ ಮೂಲಕ ಒಂದು ಸಂಕ್ಷಿಪ್ತ ಗುರುತನ್ನು ಲೆಕ್ಕಹಾಕಿ ತನ್ನ ದಾಖಲೆಯಲ್ಲಿ ಇಟ್ಟುಕೊಳ್ಳುತ್ತದೆ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಈ ಗುರುತು ಬದಲಾಗುತ್ತದೆ.

ನವೀಕರಣದ ವೇಳೆ ಮೂರು ಪ್ರತಿಗಳ ಗುರುತುಗಳನ್ನು ಹೋಲಿಸಲಾಗುತ್ತದೆ: ಹಿಂದಿನ ಆವೃತ್ತಿಯೊಂದಿಗೆ ಬಂದ ಮೂಲ ಪ್ರತಿ, ಈಗ ಗಣಕದಲ್ಲಿರುವ ಪ್ರತಿ, ಮತ್ತು ಹೊಸ ಆವೃತ್ತಿಯೊಂದಿಗೆ ಬಂದಿರುವ ಪ್ರತಿ. ಇದರಿಂದ ನಾಲ್ಕು ಸಂದರ್ಭಗಳು ಏರ್ಪಡುತ್ತವೆ.

- ಇಬ್ಬರೂ ಬದಲಿಸಿಲ್ಲ: ಕಡತ ಇದ್ದಂತೆಯೇ ಉಳಿಯುತ್ತದೆ.
- ತಯಾರಕರು ಮಾತ್ರ ಬದಲಿಸಿದ್ದಾರೆ: ಹೊಸ ಕಡತವನ್ನು ಪ್ರಶ್ನಿಸದೆ ಇಡಲಾಗುತ್ತದೆ.
- ನಿರ್ವಾಹಕರು ಮಾತ್ರ ಬದಲಿಸಿದ್ದಾರೆ: ನಿರ್ವಾಹಕರ ಕಡತವನ್ನು ಪ್ರಶ್ನಿಸದೆ ಉಳಿಸಲಾಗುತ್ತದೆ.
- ಇಬ್ಬರೂ ಬದಲಿಸಿದ್ದಾರೆ: ಡಿಪಿಕೆಜಿಯು ತಡೆದು ನಿಂತು ಬಳಕೆದಾರರನ್ನು ಕೇಳುತ್ತದೆ.

ಇಬ್ಬರೂ ಬದಲಿಸಿದ್ದು ಕೊನೆಗೆ ಎರಡು ಪ್ರತಿಗಳೂ ಒಂದೇ ಆಗಿದ್ದರೆ ಪ್ರಶ್ನೆ ಏಳುವುದಿಲ್ಲ. ಕಡತವನ್ನು ಅಳಿಸಿಹಾಕುವುದೂ ನಿರ್ವಾಹಕರ ಒಂದು ಬದಲಾವಣೆಯೆಂದೇ ಡಿಪಿಕೆಜಿ ಭಾವಿಸುತ್ತದೆ. ಆದುದರಿಂದ ಅಳಿಸಿದ ಕಾನ್‌ಫೈಲ್, ಪ್ಯಾಕೇಜನ್ನು ಮತ್ತೆ ಅನುಸ್ಥಾಪಿಸಿದ ಮಾತ್ರಕ್ಕೆ ಹಿಂದಿರುಗುವುದಿಲ್ಲ. ಕಡತವನ್ನು ಅಳಿಸಿ ಮರು ಅನುಸ್ಥಾಪನೆ ಮಾಡಿದರೆ ಎಲ್ಲವೂ ಮೊದಲಿನಂತಾಗುವುದೆಂದು ನಂಬುವ ಹೊಸಬರನ್ನು ಈ ನಡವಳಿಕೆ ಗೊಂದಲಕ್ಕೆ ಈಡುಮಾಡುವುದುಂಟು. ಕಾಣೆಯಾದ ಕಡತ ಬೇಕಾದಲ್ಲಿ ‘ಫೋರ್ಸ್-ಕಾನ್ಫ್‌ಮಿಸ್’ ಎಂಬ ಆಯ್ಕೆಯನ್ನು ಕೊಡಬೇಕು.

ಪ್ರಶ್ನೆ ಮತ್ತು ಉತ್ತರಗಳು

ನಾಲ್ಕನೆಯ ಸಂದರ್ಭದಲ್ಲಿ ಪರದೆಯ ಮೇಲೆ ಮೂಡುವ ಪ್ರಶ್ನೆಗೆ ಒಂದೊಂದು ಅಕ್ಷರದ ಉತ್ತರಗಳಿವೆ. ‘ವೈ’ ಅಥವಾ ‘ಐ’ ಒತ್ತಿದರೆ ತಯಾರಕರ ಹೊಸ ಪ್ರತಿ ಬರುತ್ತದೆ. ‘ಎನ್’ ಅಥವಾ ‘ಓ’ ಒತ್ತಿದರೆ ಈಗಿರುವ ಪ್ರತಿ ಉಳಿಯುತ್ತದೆ. ‘ಡಿ’ ಒತ್ತಿದರೆ ಎರಡರ ನಡುವಿನ ವ್ಯತ್ಯಾಸ ಸಾಲುಸಾಲಾಗಿ ಕಾಣುತ್ತದೆ. ‘ಜೆಡ್’ ಒತ್ತಿದರೆ ಆದೇಶ ಸಾಲು ತೆರೆದುಕೊಂಡು, ಪರಿಸ್ಥಿತಿಯನ್ನು ಪರಿಶೀಲಿಸಿ ಮರಳಿ ಬರಲು ಅವಕಾಶ ದೊರೆಯುತ್ತದೆ. ಏನನ್ನೂ ಬರೆಯದೆ ಎಂಟರ್ ಕೀಲಿಯನ್ನು ಒತ್ತಿದರೆ ಈಗಿರುವ ಪ್ರತಿ ಉಳಿಯುತ್ತದೆ.

ಯಾವ ಉತ್ತರ ಕೊಟ್ಟರೂ ಇನ್ನೊಂದು ಪ್ರತಿ ನಾಶವಾಗುವುದಿಲ್ಲ. ಹೊಸದನ್ನು ಆರಿಸಿದರೆ ನಿರ್ವಾಹಕರ ಹಳೆಯ ಕಡತ ‘ಡಿಪಿಕೆಜಿ-ಓಲ್ಡ್’ ಎಂಬ ಪ್ರತ್ಯಯದೊಂದಿಗೂ, ಹಳೆಯದನ್ನು ಉಳಿಸಿದರೆ ತಯಾರಕರ ಹೊಸ ಕಡತ ‘ಡಿಪಿಕೆಜಿ-ಡಿಸ್ಟ್’ ಎಂಬ ಪ್ರತ್ಯಯದೊಂದಿಗೂ ಅದೇ ಕಡತಕೋಶದಲ್ಲಿ ಉಳಿಯುತ್ತದೆ. ಅವಸರದಲ್ಲಿ ತಪ್ಪು ಉತ್ತರ ಕೊಟ್ಟವರು ಗಾಬರಿಗೊಳ್ಳದೆ ಮೊದಲು ಈ ಪ್ರತ್ಯಯಗಳುಳ್ಳ ಕಡತಗಳನ್ನು ಹುಡುಕಬೇಕು.

ತೆಗೆದುಹಾಕುವಿಕೆ

ಡೆಬಿಯನ್‌ನಲ್ಲಿ ಪ್ಯಾಕೇಜನ್ನು ತೆಗೆಯಲು ಎರಡು ಹಂತಗಳಿವೆ. ‘ರಿಮೂವ್’ ಎಂಬ ಆದೇಶವು ಕಾರ್ಯಕ್ರಮವನ್ನು ತೆಗೆದರೂ ಸಂರಚನಾ ಕಡತಗಳನ್ನು ಉಳಿಸುತ್ತದೆ. ಮುಂದೆ ಅದೇ ಪ್ಯಾಕೇಜನ್ನು ಮರಳಿ ತಂದಾಗ ಹಳೆಯ ವ್ಯವಸ್ಥೆ ಮುಂದುವರಿಯುತ್ತದೆ. ‘ಪರ್ಜ್’ ಎಂಬ ಆದೇಶವು ಸಂರಚನಾ ಕಡತಗಳನ್ನೂ ಅಳಿಸುತ್ತದೆ. ತಯಾರಕರು ಹೊಸ ಆವೃತ್ತಿಯಲ್ಲಿ ಕೈಬಿಟ್ಟ ಕಾನ್‌ಫೈಲ್‌ಗಳು ತಾವಾಗಿಯೇ ಅಳಿಯದೆ, ಬಳಕೆ ತಪ್ಪಿದವು ಎಂಬ ಗುರುತಿನೊಂದಿಗೆ ಉಳಿಯುತ್ತವೆ. ಅವುಗಳನ್ನು ತೆಗೆಯುವ ಅಥವಾ ಬೇರೆ ಸ್ಥಳಕ್ಕೆ ಸಾಗಿಸುವ ಏರ್ಪಾಡನ್ನು ಪ್ಯಾಕೇಜ್ ಸಿದ್ಧಪಡಿಸುವವರೇ ಮಾಡಬೇಕಾಗುತ್ತದೆ.

ಯುಸಿಎಫ್ ಮತ್ತು ಡೆಬ್‌ಕಾನ್ಫ್

‘ಇಟಿಸಿ’ಯಲ್ಲಿರುವ ಎಲ್ಲ ಕಡತಗಳೂ ಕಾನ್‌ಫೈಲ್‌ಗಳಲ್ಲ. ಅನುಸ್ಥಾಪನೆಯ ವೇಳೆ ಬಳಕೆದಾರರ ಉತ್ತರಗಳನ್ನು ಆಧರಿಸಿ ಹೊಸದಾಗಿ ಬರೆಯಲಾಗುವ ಕಡತಗಳಿಗೆ ತಯಾರಕರ ಸ್ಥಿರ ಪ್ರತಿ ಎಂಬುದೇ ಇರುವುದಿಲ್ಲ. ಅಂಥ ಪ್ರಶ್ನೋತ್ತರಗಳಿಗಾಗಿ ಜೋಯಿ ಹೆಸ್ ಅವರು ಡೆಬ್‌ಕಾನ್ಫ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಹೀಗೆ ಹುಟ್ಟುವ ಕಡತಗಳಿಗೂ ಕಾನ್‌ಫೈಲ್‌ಗಳಂತಹ ರಕ್ಷಣೆ ಒದಗಿಸಲು ಮನೋಜ್ ಶ್ರೀವಾಸ್ತವ ಅವರು ಯುಸಿಎಫ್ ಎಂಬ ಉಪಕರಣವನ್ನು ಬರೆದರು. ಡಿಪಿಕೆಜಿಯು ಮೂಲ ಪ್ರತಿಯ ಗುರುತನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಯುಸಿಎಫ್ ಮೂಲ ಪ್ರತಿಯನ್ನೇ ಇಟ್ಟುಕೊಳ್ಳಬಲ್ಲುದಾದ್ದರಿಂದ ಎರಡು ಕಡೆಯ ಬದಲಾವಣೆಗಳನ್ನು ವಿಲೀನಗೊಳಿಸಲು ಸಹ ಅದಕ್ಕೆ ಸಾಧ್ಯವಾಗುತ್ತದೆ.

ಆರ್‌ಪಿಎಂ ಪದ್ಧತಿ

ಆರ್‌ಪಿಎಂ ಅನುಸ್ಥಾಪನೆಯ ನಡುವೆ ಬಳಕೆದಾರರೊಂದಿಗೆ ಸಂವಾದ ನಡೆಸುವುದಿಲ್ಲ. ಯಾವ ಪ್ರತಿ ಉಳಿಯಬೇಕೆಂಬುದನ್ನು ಪ್ಯಾಕೇಜ್ ಸಿದ್ಧಪಡಿಸುವವರು ಮೊದಲೇ ಗೊತ್ತುಪಡಿಸಿರುತ್ತಾರೆ. ಕಡತಕ್ಕೆ ‘ಕಾನ್ಫಿಗ್’ ಎಂಬ ಗುರುತು ಮಾತ್ರ ಇದ್ದು, ತಯಾರಕರೂ ನಿರ್ವಾಹಕರೂ ಅದನ್ನು ಬದಲಿಸಿದ್ದರೆ, ಹೊಸ ಪ್ರತಿ ಜಾರಿಗೆ ಬಂದು ನಿರ್ವಾಹಕರ ಪ್ರತಿ ‘ಆರ್‌ಪಿಎಂಸೇವ್’ ಎಂಬ ಪ್ರತ್ಯಯದೊಂದಿಗೆ ಪಕ್ಕಕ್ಕೆ ಸರಿಯುತ್ತದೆ. ಕಡತಕ್ಕೆ ‘ನೋರೀಪ್ಲೇಸ್’ ಎಂಬ ಹೆಚ್ಚಿನ ಗುರುತು ಇದ್ದರೆ ನಿರ್ವಾಹಕರ ಪ್ರತಿ ಜಾರಿಯಲ್ಲಿ ಉಳಿದು ಹೊಸ ಪ್ರತಿ ‘ಆರ್‌ಪಿಎಂನ್ಯೂ’ ಎಂಬ ಪ್ರತ್ಯಯವನ್ನು ಪಡೆಯುತ್ತದೆ. ಪ್ಯಾಕೇಜನ್ನು ತೆಗೆದುಹಾಕುವಾಗಲೂ ತಿದ್ದಲ್ಪಟ್ಟ ಸಂರಚನಾ ಕಡತ ‘ಆರ್‌ಪಿಎಂಸೇವ್’ ಹೆಸರಿನಲ್ಲಿ ಉಳಿಯುತ್ತದೆ.

ಈ ಎರಡು ಪ್ರತ್ಯಯಗಳ ಅರ್ಥ ಒಂದಕ್ಕೊಂದು ವಿರುದ್ಧವಾದುದರಿಂದ ಅವುಗಳನ್ನು ನೆನಪಿಟ್ಟುಕೊಳ್ಳುವುದು ಅಗತ್ಯ. ‘ಆರ್‌ಪಿಎಂನ್ಯೂ’ ಕಂಡರೆ ಸೇವೆಯು ಹಳೆಯ ಸಂರಚನೆಯಲ್ಲಿ ನಡೆಯುತ್ತಿದೆ, ಹೊಸದನ್ನು ಇನ್ನೂ ಓದಬೇಕಿದೆ ಎಂದರ್ಥ. ‘ಆರ್‌ಪಿಎಂಸೇವ್’ ಕಂಡರೆ ಸ್ಥಳೀಯ ಬದಲಾವಣೆಗಳು ಈಗ ಜಾರಿಯಲ್ಲಿ ಇಲ್ಲ ಎಂದರ್ಥ. ಎರಡನೆಯದಕ್ಕೆ ತಕ್ಷಣ ಗಮನ ಕೊಡಬೇಕು. ಫೆಡೋರಾದಲ್ಲಿ ಇಂಥ ಕಡತಗಳನ್ನು ಒಂದೊಂದಾಗಿ ತೋರಿಸಿ ತೀರ್ಮಾನ ಕೇಳುವ ಆರ್‌ಪಿಎಂಕಾನ್ಫ್ ಎಂಬ ಉಪಕರಣವಿದೆ. ಮೂಲ ಪ್ರತಿಗಿಂತ ಭಿನ್ನವಾಗಿರುವ ಕಡತಗಳನ್ನು ಪಟ್ಟಿಮಾಡಲು ಆರ್‌ಪಿಎಂನಲ್ಲಿಯೇ ಪರಿಶೀಲನೆಯ ಸೌಲಭ್ಯವಿದೆ.

ಇತರ ವ್ಯವಸ್ಥೆಗಳು

ಆರ್ಚ್ ಲಿನಕ್ಸ್‌ನ ಪ್ಯಾಕ್‌ಮ್ಯಾನ್ ಕೂಡ ಮೂರು ಪ್ರತಿಗಳನ್ನು ಹೋಲಿಸುತ್ತದೆ. ಇಬ್ಬರೂ ಬದಲಿಸಿದ ಸಂದರ್ಭದಲ್ಲಿ ಸ್ಥಳೀಯ ಪ್ರತಿಯನ್ನು ಉಳಿಸಿ ಹೊಸದನ್ನು ‘ಪ್ಯಾಕ್‌ನ್ಯೂ’ ಎಂಬ ಪ್ರತ್ಯಯದೊಂದಿಗೆ ಇಡುತ್ತದೆ. ಪ್ಯಾಕೇಜನ್ನು ತೆಗೆದಾಗ ಉಳಿಯುವ ಕಡತಕ್ಕೆ ‘ಪ್ಯಾಕ್‌ಸೇವ್’ ಎಂಬ ಹೆಸರಿದೆ. ಇವುಗಳನ್ನು ಹೋಲಿಸಿ ನೋಡಲು ಪ್ಯಾಕ್‌ಡಿಫ್ ಎಂಬ ಉಪಕರಣ ಲಭ್ಯವಿದೆ. ಜೆಂಟೂವಿನಲ್ಲಿ ರಕ್ಷಿತ ಕಡತಕೋಶಗಳ ಪಟ್ಟಿ ಇರುತ್ತದೆ. ಅವುಗಳೊಳಗಿನ, ಸ್ಥಳೀಯವಾಗಿ ತಿದ್ದಿದ ಕಡತಗಳ ಹೊಸ ಪ್ರತಿಗಳು ಕ್ರಮಸಂಖ್ಯೆಯುಳ್ಳ ತಾತ್ಕಾಲಿಕ ಹೆಸರಿನಲ್ಲಿ ಕಾದಿರುತ್ತವೆ. ನಿರ್ವಾಹಕರು ಇಟಿಸಿ-ಅಪ್‌ಡೇಟ್ ಅಥವಾ ಡಿಸ್ಪ್ಯಾಚ್-ಕಾನ್ಫ್ ಎಂಬ ಉಪಕರಣದ ಮೂಲಕ ಅವುಗಳನ್ನು ಒಪ್ಪಿಕೊಳ್ಳುವವರೆಗೆ ಅವು ಜಾರಿಗೆ ಬರುವುದಿಲ್ಲ. ಫ್ರೀಬಿಎಸ್‌ಡಿ ವ್ಯವಸ್ಥೆಯಲ್ಲಿ ಇಟಿಸಿಅಪ್‌ಡೇಟ್ ಎಂಬುದು ಇದೇ ಕೆಲಸಕ್ಕೆ ಬಳಕೆಯಾಗುತ್ತದೆ.

ತ್ರಿಮುಖ ವಿಲೀನ

ಎರಡು ಪ್ರತಿಗಳನ್ನು ಮಾತ್ರ ಹೋಲಿಸಿದರೆ ಅವುಗಳಲ್ಲಿ ವ್ಯತ್ಯಾಸವಿದೆ ಎಂಬುದು ತಿಳಿಯುತ್ತದೆಯೇ ಹೊರತು ಆ ವ್ಯತ್ಯಾಸವನ್ನು ಮಾಡಿದವರು ಯಾರು ಎಂಬುದು ತಿಳಿಯುವುದಿಲ್ಲ. ಹಳೆಯ ಮೂಲ ಪ್ರತಿಯೂ ಕೈಯಲ್ಲಿದ್ದರೆ ಪ್ರತಿಯೊಂದು ಸಾಲಿನ ಬದಲಾವಣೆ ತಯಾರಕರದ್ದೋ ನಿರ್ವಾಹಕರದ್ದೋ ಎಂದು ಗುರುತಿಸಬಹುದು. ಇಬ್ಬರ ಬದಲಾವಣೆಗಳು ಬೇರೆ ಬೇರೆ ಸಾಲುಗಳಲ್ಲಿದ್ದರೆ ಅವುಗಳನ್ನು ಯಾಂತ್ರಿಕವಾಗಿ ಸೇರಿಸಲು ಸಾಧ್ಯ. ಒಂದೇ ಸಾಲನ್ನು ಇಬ್ಬರೂ ತಿದ್ದಿದ್ದರೆ ಸಂಘರ್ಷ ಉಂಟಾಗಿ ಮನುಷ್ಯರ ತೀರ್ಮಾನ ಬೇಕಾಗುತ್ತದೆ. ಇದನ್ನು ತ್ರಿಮುಖ ವಿಲೀನ ಎನ್ನುತ್ತಾರೆ.

ಯಾಂತ್ರಿಕ ವಿಲೀನಕ್ಕೆ ಸಾಲುಗಳು ಕಾಣುತ್ತವೆ, ಅರ್ಥ ಕಾಣುವುದಿಲ್ಲ. ಕಡತದ ಆರಂಭದಲ್ಲಿ ತಯಾರಕರು ಒಂದು ಸೌಲಭ್ಯವನ್ನು ನಿಲ್ಲಿಸಿದ್ದು, ಕೊನೆಯಲ್ಲಿ ನಿರ್ವಾಹಕರು ಅದೇ ಸೌಲಭ್ಯವನ್ನು ಅವಲಂಬಿಸುವ ಸಾಲನ್ನು ಸೇರಿಸಿದ್ದರೆ, ವಿಲೀನ ಸುಗಮವಾಗಿ ಮುಗಿದರೂ ಸೇವೆ ವಿಫಲವಾಗಬಹುದು. ಆದುದರಿಂದ ವಿಲೀನದ ಬಳಿಕ ಪರೀಕ್ಷೆ ಅನಿವಾರ್ಯ.

ತುಣುಕು ಕಡತಗಳ ಪದ್ಧತಿ

ಸಂಘರ್ಷವನ್ನು ಬಗೆಹರಿಸುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಮೇಲೆಂಬ ತತ್ತ್ವದಿಂದ ಬಂದುದು ತುಣುಕು ಕಡತಗಳ ಪದ್ಧತಿ. ಇದರಲ್ಲಿ ಮುಖ್ಯ ಕಡತವನ್ನು ತಯಾರಕರಿಗೇ ಬಿಟ್ಟುಕೊಟ್ಟು, ಸ್ಥಳೀಯ ಬದಲಾವಣೆಗಳನ್ನು ಮಾತ್ರ ಪ್ರತ್ಯೇಕ ಚಿಕ್ಕ ಕಡತದಲ್ಲಿ ಬರೆಯುತ್ತಾರೆ. ಅಂಥ ಕಡತಗಳಿಗಾಗಿ ಮೀಸಲಾದ ಕಡತಕೋಶಗಳ ಹೆಸರು ಸಾಮಾನ್ಯವಾಗಿ ‘ಡಾಟ್ ಡಿ’ ಎಂದು ಕೊನೆಗೊಳ್ಳುತ್ತದೆ. ಇಬ್ಬರು ಒಡೆಯರಿಗೂ ಬೇರೆ ಬೇರೆ ಕಡತಗಳು ದೊರೆಯುವುದರಿಂದ ನವೀಕರಣದ ವೇಳೆ ಪ್ರಶ್ನೆಯೇ ಏಳುವುದಿಲ್ಲ.

2010ರಲ್ಲಿ ಪ್ರಕಟವಾದ ಸಿಸ್ಟಮ್‌ಡಿ ಈ ಪದ್ಧತಿಯನ್ನು ವ್ಯಾಪಕವಾಗಿ ಬಳಸುತ್ತದೆ. ತಯಾರಕರ ಕಡತಗಳು ‘ಯುಎಸ್‌ಆರ್’ ಕಡತಕೋಶದಲ್ಲಿಯೂ ಸ್ಥಳೀಯ ಕಡತಗಳು ‘ಇಟಿಸಿ’ಯಲ್ಲಿಯೂ ಇರುತ್ತವೆ, ಎರಡನೆಯದಕ್ಕೆ ಆದ್ಯತೆ. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಎಂಬ ಆದೇಶವು ಬದಲಾವಣೆಯ ಸಾಲುಗಳನ್ನಷ್ಟೇ ಹೊಂದಿದ ತುಣುಕು ಕಡತವನ್ನು ರಚಿಸುತ್ತದೆ. ಇದಕ್ಕೆ ಬದಲಾಗಿ ಇಡೀ ಕಡತವನ್ನು ‘ಇಟಿಸಿ’ಗೆ ನಕಲು ಮಾಡಿದರೆ ಮುಂದೆ ತಯಾರಕರು ಮಾಡುವ ತಿದ್ದುಪಡಿಗಳೆಲ್ಲ ಆ ನಕಲಿನ ಹಿಂದೆ ಮರೆಯಾಗುತ್ತವೆ. ಇಂಥ ಮರೆಗಳನ್ನು ಪತ್ತೆಹಚ್ಚಲು ಸಿಸ್ಟಮ್‌ಡಿ-ಡೆಲ್ಟಾ ಎಂಬ ಉಪಕರಣ ನೆರವಾಗುತ್ತದೆ.

ತುಣುಕುಗಳಲ್ಲಿ ಒಂದೇ ಸೂಚನೆ ಎರಡು ಬಾರಿ ಬಂದರೆ ಯಾವುದು ಜಾರಿಯಾಗುತ್ತದೆ ಎಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆಯಾಗುತ್ತದೆ. ಲಿನಕ್ಸ್ ತಿರುಳಿನ ನಿಯತಾಂಕಗಳನ್ನು ಸೂಚಿಸುವ ಸಿಸ್‌ಸಿಟಿಎಲ್ ತುಣುಕುಗಳನ್ನು ಹೆಸರಿನ ಅಕಾರಾದಿಯಲ್ಲಿ ಓದಲಾಗುತ್ತದೆ, ಕೊನೆಯ ಮೌಲ್ಯವೇ ಅಂತಿಮ. ಎಸ್‌ಎಸ್‌ಎಚ್ ಸೇವೆಯಲ್ಲಿ ಇದಕ್ಕೆ ವಿರುದ್ಧವಾಗಿ ಮೊದಲು ಕಂಡ ಮೌಲ್ಯವೇ ಅಂತಿಮ. ಡೆಬಿಯನ್‌ನಲ್ಲಿ ಅದರ ಮುಖ್ಯ ಕಡತದ ಆರಂಭದಲ್ಲಿಯೇ ತುಣುಕುಗಳನ್ನು ಓದುವ ಸೂಚನೆ ಇರುವುದರಿಂದ, ತುಣುಕಿನಲ್ಲಿ ಬರೆದುದಕ್ಕೆ ಮುಖ್ಯ ಕಡತಕ್ಕಿಂತ ಹೆಚ್ಚಿನ ಬಲವಿದೆ. ಈ ಭೇದವನ್ನು ಅರಿಯದೆ ಒಂದೆಡೆಯ ರೂಢಿಯನ್ನು ಇನ್ನೊಂದೆಡೆ ಅನ್ವಯಿಸಿದರೆ, ನಿಷೇಧಿಸಿದೆವೆಂದು ನಂಬಿದ ಪ್ರವೇಶ ತೆರೆದೇ ಉಳಿಯಬಹುದು.

ಸ್ವಯಂಚಾಲಿತ ನವೀಕರಣ

ನೂರಾರು ಗಣಕಗಳನ್ನು ನೋಡಿಕೊಳ್ಳುವೆಡೆ ಪ್ರತಿ ಪ್ರಶ್ನೆಗೂ ಉತ್ತರಿಸಲು ಮನುಷ್ಯರು ಇರುವುದಿಲ್ಲ. ಅದಕ್ಕಾಗಿ ಡಿಪಿಕೆಜಿಗೆ ಮೊದಲೇ ಉತ್ತರ ಹೇಳಿಡಬಹುದು. ‘ಫೋರ್ಸ್-ಕಾನ್ಫೋಲ್ಡ್’ ಎಂಬ ಆಯ್ಕೆ ಹಳೆಯದನ್ನು ಉಳಿಸುತ್ತದೆ, ‘ಫೋರ್ಸ್-ಕಾನ್ಫ್‌ನ್ಯೂ’ ಹೊಸದನ್ನು ಇಡುತ್ತದೆ, ‘ಫೋರ್ಸ್-ಕಾನ್ಫ್‌ಡೆಫ್’ ಪೂರ್ವನಿಯೋಜಿತ ಉತ್ತರವಿದ್ದಲ್ಲಿ ಅದನ್ನು ಆರಿಸುತ್ತದೆ. ಡೆಬ್‌ಕಾನ್ಫ್‌ನ ಪ್ರಶ್ನೆಗಳನ್ನು ನಿಲ್ಲಿಸುವ ‘ನಾನ್‌ಇಂಟರಾಕ್ಟಿವ್’ ಎಂಬ ಸೂಚನೆ ಡಿಪಿಕೆಜಿಯ ಕಾನ್‌ಫೈಲ್ ಪ್ರಶ್ನೆಯನ್ನು ನಿಲ್ಲಿಸುವುದಿಲ್ಲ. ಎರಡೂ ಬೇರೆ ಬೇರೆ ವ್ಯವಸ್ಥೆಗಳು.

ಡೆಬಿಯನ್ ಮತ್ತು ಉಬುಂಟುಗಳಲ್ಲಿ ಭದ್ರತಾ ನವೀಕರಣಗಳನ್ನು ತಾನಾಗಿಯೇ ಅನುಸ್ಥಾಪಿಸುವ ‘ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್’ ಎಂಬ ಸೇವೆಯಿದೆ. ಯಾವುದಾದರೂ ಪ್ಯಾಕೇಜ್ ಕಾನ್‌ಫೈಲ್ ಪ್ರಶ್ನೆಯನ್ನು ಎತ್ತುವಂತಿದ್ದರೆ, ಬೇರೆ ಸೂಚನೆ ಇಲ್ಲದ ಪಕ್ಷದಲ್ಲಿ, ಈ ಸೇವೆಯು ಆ ಪ್ಯಾಕೇಜನ್ನು ಬಿಟ್ಟುಬಿಡುತ್ತದೆ ಮತ್ತು ಸಂಗತಿಯನ್ನು ದಾಖಲೆ ಕಡತದಲ್ಲಿ ಬರೆಯುತ್ತದೆ. ದಾಖಲೆಯನ್ನು ಯಾರೂ ಓದದಿದ್ದರೆ, ಸ್ವಯಂಚಾಲಿತ ನವೀಕರಣವಿದೆ ಎಂಬ ನೆಮ್ಮದಿಯಲ್ಲಿಯೇ ಗಣಕವು ಹಳೆಯ ದೋಷದೊಂದಿಗೆ ದೀರ್ಘಕಾಲ ಉಳಿಯಬಹುದು. ಕೈಯಿಂದ ತಿದ್ದಿದ ಒಂದೇ ಒಂದು ಸಾಲು ಇದಕ್ಕೆ ಕಾರಣವಾಗಿರಬಹುದು.

ಕನ್ನಡ ಬಳಕೆಯ ಗಣಕಗಳಲ್ಲಿ

ಕನ್ನಡದಲ್ಲಿ ಬರೆಯಲು ಮತ್ತು ಓದಲು ಗಣಕವನ್ನು ಅಣಿಗೊಳಿಸುವಾಗ ಸಂರಚನಾ ಕಡತಗಳನ್ನು ತಿದ್ದುವ ಸಂದರ್ಭ ಬರುತ್ತದೆ. ಕರ್ನಾಟಕದ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಂದಿಗೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಲ್ಲಿ ಉಬುಂಟು ಮತ್ತು ಮುಕ್ತ ಶೈಕ್ಷಣಿಕ ತಂತ್ರಾಂಶಗಳು ಬಳಕೆಯಾದವು. ಇದರಿಂದ ಸಂರಚನಾ ಕಡತದ ವಿಷಯ ತಂತ್ರಜ್ಞರಲ್ಲದವರಿಗೂ ಸಂಬಂಧಿಸಿದ್ದಾಯಿತು.

ಕೋಲಾರ ಜಿಲ್ಲೆಯ ಭಾಷಾ ಸನ್ನಿವೇಶ ಇದನ್ನು ವಿವರಿಸಲು ಅನುಕೂಲವಾದುದು. ಆಂಧ್ರಪ್ರದೇಶದ ಗಡಿಗೆ ತಾಗಿದ ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕನ್ನಡದೊಂದಿಗೆ ತೆಲುಗು ವ್ಯಾಪಕವಾಗಿ ಬಳಕೆಯಲ್ಲಿದೆ. ಮಾಲೂರು ತಾಲ್ಲೂಕು ತಮಿಳುನಾಡಿನ ಗಡಿಯಲ್ಲಿದೆ. ಕೋಲಾರದಲ್ಲಾಗಲಿ ಈ ತಾಲ್ಲೂಕುಗಳಲ್ಲಾಗಲಿ ಒಂದು ಗಣಕವನ್ನು ಇಂಗ್ಲಿಷ್, ಕನ್ನಡ ಮತ್ತು ತೆಲುಗು ಈ ಮೂರು ಕೀಲಿಮಣೆ ವಿನ್ಯಾಸಗಳಿಗೆ ಅಣಿಗೊಳಿಸಲಾಗಿದೆ ಎಂದು ಭಾವಿಸೋಣ. ತಯಾರಕರ ಪೂರ್ವನಿಯೋಜಿತ ಕಡತದಲ್ಲಿ ಇಂಥ ಜೋಡಣೆ ಇರುವುದಿಲ್ಲ. ಅದು ಪೂರ್ಣವಾಗಿ ಸ್ಥಳೀಯ ಬದಲಾವಣೆ. ಅದು ಕಳೆದುಹೋದರೆ ಯಂತ್ರ ಚೆನ್ನಾಗಿಯೇ ನಡೆಯುತ್ತದೆ, ಆದರೆ ಅದರಲ್ಲಿ ಕನ್ನಡ ಬರೆಯಲು ಕುಳಿತವರ ಕೆಲಸ ನಿಲ್ಲುತ್ತದೆ.

ಡೆಬಿಯನ್ ಮತ್ತು ಉಬುಂಟುಗಳಲ್ಲಿ ಕೀಲಿಮಣೆಯ ವ್ಯವಸ್ಥೆ ‘ಇಟಿಸಿ’ಯೊಳಗಿನ ‘ಡಿಫಾಲ್ಟ್’ ಕಡತಕೋಶದ ‘ಕೀಬೋರ್ಡ್’ ಎಂಬ ಕಡತದಲ್ಲಿದೆ. ಕನ್ನಡಕ್ಕೆ ಇಲ್ಲಿ ಎರಡು ವಿನ್ಯಾಸಗಳು ದೊರೆಯುತ್ತವೆ: ಇನ್‌ಸ್ಕ್ರಿಪ್ಟ್ ಮಾದರಿಯದು ಮತ್ತು ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಬಂದ ಕಗಪ ಮಾದರಿಯದು. ಈ ಕಡತವು ಕಾನ್‌ಫೈಲ್ ಅಲ್ಲ. ಡೆಬ್‌ಕಾನ್ಫ್‌ನ ಉತ್ತರಗಳಿಂದ ರೂಪುಗೊಳ್ಳುವಂಥದು. ಆದುದರಿಂದ ನಾಲ್ಕು ಸಂದರ್ಭಗಳ ನಿಯಮ ಇದಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. ಇದನ್ನು ಬದಲಿಸಲು ಡಿಪಿಕೆಜಿ-ರೀಕಾನ್ಫಿಗರ್ ಎಂಬ ಉಪಕರಣವನ್ನು ಬಳಸುವುದು ಸುರಕ್ಷಿತ ಮಾರ್ಗ. ಗ್ನೋಮ್‌ನಂತಹ ಚಿತ್ರಾತ್ಮಕ ಪರಿಸರದಲ್ಲಿ ಬಳಕೆದಾರರು ಸ್ವತಃ ಆರಿಸಿಕೊಂಡ ವಿನ್ಯಾಸಗಳು ಅವರ ಸ್ವಂತ ಕಡತಕೋಶದಲ್ಲಿ ದಾಖಲಾಗುತ್ತವೆ.

ಅಕ್ಷರಶೈಲಿಗಳ ವಿಷಯದಲ್ಲಿ ತುಣುಕು ಪದ್ಧತಿಯ ಪ್ರಯೋಜನ ಸ್ಪಷ್ಟವಾಗಿ ಕಾಣುತ್ತದೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೋ ಸ್ಯಾನ್ಸ್ ಕನ್ನಡ ಮುಂತಾದ ಅಕ್ಷರಶೈಲಿಗಳಲ್ಲಿ ಯಾವುದಕ್ಕೆ ಆದ್ಯತೆ ಎಂಬುದನ್ನು ಫಾಂಟ್‌ಕಾನ್ಫಿಗ್ ತೀರ್ಮಾನಿಸುತ್ತದೆ. ಅದರ ಮುಖ್ಯ ಕಡತದ ಆರಂಭದಲ್ಲಿಯೇ, ಇದನ್ನು ತಿದ್ದಬಾರದು, ನವೀಕರಣದಲ್ಲಿ ಇದು ಬದಲಾಗುತ್ತದೆ, ಸ್ಥಳೀಯ ಬದಲಾವಣೆಗಳನ್ನು ‘ಲೋಕಲ್’ ಹೆಸರಿನ ಕಡತದಲ್ಲಿ ಬರೆಯಬೇಕು ಎಂಬ ಅರ್ಥದ ಎಚ್ಚರಿಕೆ ಇದೆ. ಆ ಸ್ಥಳೀಯ ಕಡತದಲ್ಲಿ ಕನ್ನಡದ ಆದ್ಯತೆಯನ್ನು ಬರೆದರೆ ಅಥವಾ ಬಳಕೆದಾರರ ಸ್ವಂತ ಕಡತಕೋಶದಲ್ಲಿ ಬರೆದರೆ ಯಾವ ನವೀಕರಣವೂ ಅದನ್ನು ಅಳಿಸುವುದಿಲ್ಲ.

ಆವೃತ್ತಿ ದಾಖಲೆ

ಜೋಯಿ ಹೆಸ್ ಅವರೇ ಬರೆದ ಇಟಿಸಿಕೀಪರ್ ಎಂಬ ಉಪಕರಣವು ಇಡೀ ‘ಇಟಿಸಿ’ ಕಡತಕೋಶವನ್ನು ಗಿಟ್‌ನಂತಹ ಆವೃತ್ತಿ ನಿಯಂತ್ರಣ ವ್ಯವಸ್ಥೆಯಲ್ಲಿ ದಾಖಲಿಸುತ್ತದೆ. ಪ್ರತಿ ಅನುಸ್ಥಾಪನೆಯ ಮೊದಲು ಮತ್ತು ನಂತರ ಅದು ತಾನಾಗಿಯೇ ದಾಖಲೆ ಮಾಡುವುದರಿಂದ, ಯಾವ ದಿನ ಯಾವ ಸಾಲು ಬದಲಾಯಿತು, ಅದನ್ನು ಬದಲಿಸಿದ್ದು ನವೀಕರಣವೋ ನಿರ್ವಾಹಕರೋ ಎಂಬುದನ್ನು ನಂತರ ಗುರುತಿಸಬಹುದು. ಗಿಟ್ ಸಂಗ್ರಹಿಸದ ಕಡತಗಳ ಒಡೆತನ ಮತ್ತು ಅನುಮತಿಗಳ ವಿವರವನ್ನೂ ಇದು ಇಟ್ಟುಕೊಳ್ಳುತ್ತದೆ. ‘ಇಟಿಸಿ’ಯಲ್ಲಿ ಗುಪ್ತಪದಗಳ ವಿವರವೂ ಖಾಸಗಿ ಕೀಲಿಗಳೂ ಇರುವ ಕಾರಣ ಈ ದಾಖಲೆಯನ್ನು ಸಾರ್ವಜನಿಕ ಸ್ಥಳಕ್ಕೆ ಕಳುಹಿಸಬಾರದು.

ರೂಢಿಯಲ್ಲಿರುವ ಕ್ರಮ

ಅನುಭವಿ ನಿರ್ವಾಹಕರು ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ.

- ನವೀಕರಣಕ್ಕೆ ಮುನ್ನ ‘ಇಟಿಸಿ’ಯ ಪ್ರತಿಯೊಂದನ್ನು ಬೇರೆಡೆ ತೆಗೆದಿರಿಸುವುದು.
- ಪ್ರಮುಖ ಆವೃತ್ತಿ ಬದಲಾವಣೆಯಾದರೆ ಬಿಡುಗಡೆ ಟಿಪ್ಪಣಿಯನ್ನು ಓದುವುದು.
- ಪ್ರಶ್ನೆ ಬಂದಾಗ ಮೊದಲು ವ್ಯತ್ಯಾಸವನ್ನು ನೋಡುವುದು, ಬಳಿಕ ಉತ್ತರಿಸುವುದು.
- ಯಾವ ಬದಲಾವಣೆಯನ್ನು ಏಕೆ ಮಾಡಲಾಯಿತೆಂಬ ಟಿಪ್ಪಣಿಯನ್ನು ಕಡತದಲ್ಲಿಯೇ ಬರೆದಿಡುವುದು.
- ನವೀಕರಣದ ನಂತರ ಮೇಲೆ ಹೇಳಿದ ಪ್ರತ್ಯಯಗಳುಳ್ಳ ಕಡತಗಳನ್ನು ಹುಡುಕಿ, ಹೋಲಿಸಿ, ಬೇಕಾದುದನ್ನು ಸೇರಿಸಿಕೊಳ್ಳುವುದು.
- ಸೇವೆಯನ್ನು ಮರು ಆರಂಭಿಸುವ ಮುನ್ನ ಸಂರಚನೆಯನ್ನು ಪರೀಕ್ಷಿಸುವುದು. ಅಪಾಚೆಯಲ್ಲಿ ‘ಕಾನ್ಫಿಗ್‌ಟೆಸ್ಟ್’ ಆದೇಶವೂ ಎಸ್‌ಎಸ್‌ಎಚ್ ಸೇವೆಯಲ್ಲಿ ‘ಟಿ’ ಆಯ್ಕೆಯೂ ಇದಕ್ಕಾಗಿವೆ.
- ದೂರದ ಗಣಕವಾದರೆ ಈಗಿರುವ ಸಂಪರ್ಕವನ್ನು ಮುಚ್ಚದೆ, ಎರಡನೆಯ ಸಂಪರ್ಕ ಸಾಧ್ಯವಾಗುವುದೇ ಎಂದು ನೋಡುವುದು.

ಮಿತಿಗಳು ಮತ್ತು ಪರ್ಯಾಯಗಳು

ಪ್ಯಾಕೇಜ್ ನಿರ್ವಾಹಕಗಳ ಹೋಲಿಕೆ ಅಕ್ಷರಗಳ ಮಟ್ಟದ್ದು. ಒಂದು ಖಾಲಿ ಸಾಲನ್ನು ಸೇರಿಸಿದರೂ ಭದ್ರತೆಯ ನಿಯಮವನ್ನು ಸಡಿಲಿಸಿದರೂ ಅವುಗಳ ದೃಷ್ಟಿಯಲ್ಲಿ ಕಡತ ಬದಲಾಗಿದೆ ಎಂಬುದಷ್ಟೇ ಸತ್ಯ. ತಯಾರಕರು ಟಿಪ್ಪಣಿಯೊಂದರ ಕಾಗುಣಿತವನ್ನು ಸರಿಪಡಿಸಿದಾಗಲೂ ಪ್ರಶ್ನೆ ಏಳಬಹುದು. ಪದೇ ಪದೇ ಇಂಥ ಪ್ರಶ್ನೆಗಳನ್ನು ಎದುರಿಸಿದವರು ಓದದೆ ಎಂಟರ್ ಒತ್ತುವ ಅಭ್ಯಾಸಕ್ಕೆ ಬೀಳುವುದು ಈ ಪದ್ಧತಿಯ ದೌರ್ಬಲ್ಯ.

ಇದಕ್ಕೆ ಪರ್ಯಾಯವಾಗಿ ಕೆಲವು ವ್ಯವಸ್ಥೆಗಳು ಬೇರೆ ದಾರಿ ಹಿಡಿದಿವೆ. ಓಎಸ್‌ಟ್ರೀ ಆಧಾರಿತ ವ್ಯವಸ್ಥೆಗಳು ತಯಾರಕರ ಮೂಲ ಪ್ರತಿಗಳನ್ನು ಪ್ರತ್ಯೇಕವಾಗಿ ಇಟ್ಟುಕೊಂಡು, ಪ್ರತಿ ನವೀಕರಣದಲ್ಲಿ ಸ್ಥಳೀಯವಾಗಿ ಬದಲಾದ ಕಡತಗಳನ್ನು ಹೊಸ ‘ಇಟಿಸಿ’ಗೆ ಸಾಗಿಸುತ್ತವೆ. ನಿಕ್ಸ್‌ಓಎಸ್‌ನಲ್ಲಿ ಇಡೀ ಗಣಕದ ವಿವರಣೆಯನ್ನು ನಿರ್ವಾಹಕರು ಒಂದೆಡೆ ಬರೆಯುತ್ತಾರೆ, ಸಂರಚನಾ ಕಡತಗಳು ಅದರಿಂದ ಹುಟ್ಟುತ್ತವೆ. ಇವುಗಳಲ್ಲಿಯೂ ಹೊಸ ಆವೃತ್ತಿಯ ತಂತ್ರಾಂಶಕ್ಕೆ ಹಳೆಯ ಸೂಚನೆ ಹೊಂದುವುದೇ ಎಂಬ ಪ್ರಶ್ನೆ ಉಳಿಯುತ್ತದೆ. ಆ ಸೂಚನೆಯನ್ನು ಮೊದಲು ಬರೆದ ಕಾರಣ ಎಲ್ಲಿಯಾದರೂ ದಾಖಲಾಗಿದ್ದರೆ ಅದಕ್ಕೆ ಉತ್ತರ ಹುಡುಕುವುದು ಸುಲಭ.